ಹಾವಿಗೊಂದು ಕೊಂಬೆ

ಹಾವು ಸಾಕಿದ್ದೀನಿ ಅಂದರೆ ಜನ ಕೇಳೋದು ಎರಡೇ ಪ್ರಶ್ನೆ. ಕಚ್ಚಲ್ವಾ? ಏನು ತಿನ್ನುತ್ತೆ? ಅದು ಏನನ್ನು ಹತ್ತುತ್ತೆ ಅಂತ ಯಾರೂ ಕೇಳಲ್ಲ. ನನ್ನ ಶನಿವಾರಗಳು ಖರ್ಚಾಗೋದು ಅದಕ್ಕೇ.

ನಾನಿರೋದು ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲೀಯಲ್ಲಿ. ಊರಿಗೆ 'ಓಕ್ ಮರಗಳ ನಗರ' ಅಂತಲೇ ಅಡ್ಡಹೆಸರು. ನನ್ನದು ಕಾರ್ನ್ ಸ್ನೇಕ್. ಕಿತ್ತಳೆ ಮೈಮೇಲೆ ಇಟ್ಟಿಗೆ ಬಣ್ಣದ ಮಚ್ಚೆ, ನಾಲ್ಕಡಿ ಉದ್ದ, ವಿಷವಿಲ್ಲ. ಇದೇ ಸೀಮೆಯ ಕಾಡಿನ ಜಾತಿ, ಆದರೆ ಇದು ಮೊಟ್ಟೆಯಿಂದ ಹೊರಬಂದದ್ದೇ ಸಾಕಣೆದಾರರ ಮನೆಯಲ್ಲಿ. 20 ವರ್ಷ ಬದುಕಬಹುದು. ನನ್ನ ವೀಸಾಗಿಂತ ದೀರ್ಘಾಯುಷಿ. ಅಂದಹಾಗೆ, ಭಾರತದಲ್ಲಿ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇದನ್ನು ಓದಿ ಯಾರೂ ಕೇರೆಹಾವು ಹಿಡಿಯೋಕೆ ಹೊರಡಬೇಡಿ!

ಕಾರ್ನ್ ಸ್ನೇಕ್‌ಗೆ ಮರ ಹತ್ತೋ ಚಟ. ಅಂಗಡಿಯಲ್ಲಿ ಪ್ಲಾಸ್ಟಿಕ್ ಬಳ್ಳಿ ಸಿಗುತ್ತೆ, ನಿಜ. ಆದರೆ ಪೊರೆ ಬಿಡುವಾಗ ಮೈ ಉಜ್ಜಿಕೊಳ್ಳೋಕೆ ಒರಟು ತೊಗಟೆಯೇ ಚೆಂದ. ಹಾಗಾಗಿ ಜೋರು ಗಾಳಿಮಳೆಯ ಮಾರನೇ ದಿನ ಗೆಳೆಯನ ಹಿತ್ತಲಿಗೆ ಹೋಗ್ತೀನಿ. ಅಲ್ಲಿ ಕೀಟನಾಶಕ ಹೊಡೆದಿಲ್ಲ ಅಂತ ಅವನನ್ನು ಕೇಳಿಕೊಂಡೇ ಹೋಗೋದು. ಬಿದ್ದ ಓಕ್ ಕೊಂಬೆಗಳಲ್ಲಿ ಹಾವಿನ ಮೈಗಿಂತ ದಪ್ಪಗಿರೋದನ್ನು, ಹುಳ ತಿನ್ನದೆ ಗಟ್ಟಿಯಾಗಿರೋದನ್ನು ಆರಿಸ್ತೀನಿ. ಪೈನ್ ಬೇಡ, ಅದರ ಮೇಣ ಅಂಟುತ್ತೆ. ಸೀಡರ್ ಅಂತೂ ಬೇಡವೇ ಬೇಡ, ನಮಗೆ ಹಿತವಾದ ಅದರ ಘಮ ಹಾವಿನ ಉಸಿರಾಟಕ್ಕೆ ಕೆಟ್ಟದ್ದು. ಕೂದಲು ಮೂಡಿದಂಥ ಬಳ್ಳಿ ಸುತ್ತಿಕೊಂಡಿದ್ದರೆ ಕೈಯನ್ನೂ ಹಚ್ಚಲ್ಲ. ಅದು ಪಾಯ್ಸನ್ ಐವಿ, ಒಣಗಿದ್ದರೂ ಮೈಯೆಲ್ಲ ತುರಿಕೆ ಎಬ್ಬಿಸುತ್ತೆ.

ಮನೆಗೆ ಬಂದ ಕೊಂಬೆಗೆ ಅಭ್ಯಂಜನ. ಸಡಿಲ ತೊಗಟೆ ಕಿತ್ತು, ಬಿಸಿನೀರಲ್ಲಿ ಬ್ರಷ್ ಹಾಕಿ ತಿಕ್ಕಿ, ಚೂಪು ತುದಿಗಳಿಗೆ ಸ್ಯಾಂಡ್‌ಪೇಪರ್ ಉಜ್ಜಿ, ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಒಂದೆರಡು ಗಂಟೆ. ಅಷ್ಟು ಹೊತ್ತೂ ಅಡುಗೆಮನೆ ಬಿಟ್ಟು ಕದಲೋ ಹಾಗಿಲ್ಲ, ಎಷ್ಟಾದರೂ ಕಟ್ಟಿಗೆ. ಓವನ್‌ಗೆ ಹಿಡಿಸದಷ್ಟು ಉದ್ದವಿದ್ದರೆ ಮೂರ್ನಾಲ್ಕು ಸಲ ಕುದಿಯೋ ನೀರು ಸುರಿದು, ವಾರಗಟ್ಟಲೆ ಬಿಸಿಲು. ಹಸಿ ಉಳಿದರೆ ಬೂಷ್ಟು ಗ್ಯಾರಂಟಿ.

ಹೋದ ಬೇಸಿಗೆಯಲ್ಲಿ ಉಡುಪಿಯಿಂದ ಅಮ್ಮ ಬಂದಿದ್ದರು. ನಮ್ಮ ಕುಟುಂಬದ ನಾಗಬನದಲ್ಲಿ ಯಾರೂ ಒಂದು ಕಡ್ಡಿ ಮುರಿಯೋದಿಲ್ಲ. ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ತರೋದಿಲ್ಲ. ನಾಗರಪಂಚಮಿಗೆ ತನು ಎರೆದು, ಕೈಮುಗಿದು ಬರೋದು, ಅಷ್ಟೇ. ಅಂಥ ಅಮ್ಮ ಓವನ್ ಒಳಗೆ ಇಣುಕಿ, "ಎಂತದಾ ಇದು? ಕೊಂಬೆ ಬೇಯಿಸ್ತಿದ್ದಿಯಾ?" ಅಂದರು.

ಹುಳದ ಮೊಟ್ಟೆ ಸಾಯಲಿ ಅಂತ, ಹೇಳಿದೆ.

"ಬನದ ನಾಗನಿಗೆ ಯಾರು ಇದೆಲ್ಲ ಮಾಡ್ತಾರೆ?"

"ಅದಕ್ಕೆ ಬೇರೆ ಕಡೆ ಹೋಗ್ಲಿಕ್ಕೆ ಆಗ್ತದೆ ಅಮ್ಮ. ಇದಕ್ಕೆ ಆಗೋದಿಲ್ಲ."

ಹೇಳಿದ ಮೇಲೆ ಆ ಮಾತು ನನಗೇ ಚುಚ್ಚಿತು. ಕಾಡಲ್ಲಿ ಕೊಂಬೆ ಕೊಳೆತರೆ, ಹುಳ ಕಾಡಿದರೆ ಹಾವು ಇನ್ನೊಂದು ಮರ ನೋಡಿಕೊಳ್ಳುತ್ತೆ. ಇಲ್ಲಿ ಬಾಗಿಲಿಗೆ ಚಿಲಕ ಹಾಕಿದವನು ನಾನು. ಇದರ ಬಂಧುಗಳು ಹಿತ್ತಲಲ್ಲಿ ಕಂಡರೆ ವಿಷದ ಕಾಪರ್‌ಹೆಡ್ ಅಂದುಕೊಂಡು ಹೊಡೆಯೋರು ಇದ್ದಾರೆ. ಹಾಗಂತ ನಾನು ಇದನ್ನು ಕಾಪಾಡ್ತಿದ್ದೀನಿ ಅಂತ ಹೇಳಿಕೊಳ್ಳಲಾರೆ, ಇಷ್ಟವಾಯಿತು, ತಂದೆ. ಬನಕ್ಕೆ ಕೈ ಹಚ್ಚದೇ ಇರೋದು ನಮ್ಮ ಹಿರಿಯರು ನಾಗನಿಗೆ ಕೊಟ್ಟ ಮರ್ಯಾದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೇಲೆ ಆ ಸವಲತ್ತು ನನಗಿಲ್ಲ. ಒಳಗೆ ಹೋಗೋ ಪ್ರತಿ ಕಡ್ಡಿಯನ್ನೂ ನಾನೇ ಮುಟ್ಟಿ, ಮೂಸಿ, ತೊಳೆದು ನೋಡಬೇಕು.

ಅಮ್ಮ ಮತ್ತೇನೂ ಹೇಳಲಿಲ್ಲ. ಕೊಂಬೆ ಆರಿದ ಮೇಲೆ ದಪ್ಪ ಹಲಗೆಗೆ ಸ್ಕ್ರೂ ಹಾಕಿ ಪೆಟ್ಟಿಗೆಯಲ್ಲಿ ನಿಲ್ಲಿಸಿದೆ. ಟೇಪ್ ಸುತ್ತಬಾರದು, ಹಾವಿನ ಮೈಗೆ ಅಂಟಿದರೆ ಚರ್ಮ ಕಿತ್ತು ಬರುತ್ತೆ. ಹಾವಿನ್ನೂ ಬೇರೆ ಡಬ್ಬಿಯಲ್ಲಿತ್ತು. ಅಮ್ಮ ಹತ್ತಿರ ಬಂದು, ಕೈಯಿಳಿಸಿ ಕೊಂಬೆಯನ್ನು ಒತ್ತಿ ನೋಡಿದರು.

"ಅಲ್ಲಾಡ್ತದೆ. ಇನ್ನೊಂದು ಸ್ಕ್ರೂ ಹಾಕು."