ಖಂಡಸ್ಫುಟಿತ ಜೀರ್ಣೋದ್ಧಾರ: ಒಂದು ಹಳೆಯ ಕಾರಿನ ವಿಚಾರ

ಕನ್ನಡ ಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ಬಿಡುವ ದಾನಿ, ಆ ಭೂಮಿಯ ಹುಟ್ಟುವಳಿ ಯಾವ ಯಾವ ಕಾರ್ಯಕ್ಕೆ ಸಲ್ಲಬೇಕೆಂದು ವಿಧಿಸುವಾಗ, ಪೂಜೆ ಹಾಗೂ ಆಹಾರದಾನಗಳ ಜೊತೆಗೆ ಇದನ್ನೂ ಸೇರಿಸುತ್ತಾನೆ. ಮುರಿದದ್ದು ಖಂಡ, ಬಿರಿದದ್ದು ಸ್ಫುಟಿತ, ಸವೆದು ಹಳತಾದದ್ದು ಜೀರ್ಣ. ಗಮನಿಸಬೇಕಾದ ಸಂಗತಿಯೆಂದರೆ, ಕಟ್ಟಡ ಹೊಸದಾಗಿರುವಾಗ ಕೊಟ್ಟ ದತ್ತಿಗಳಲ್ಲೂ ಈ ಮಾತು ಬರುತ್ತದೆ. ಗೋಡೆ ಬಿರಿಯುವ ಮೊದಲೇ ಬಿರುಕಿಗಾಗಿ ಗದ್ದೆಯನ್ನು ತೆಗೆದಿರಿಸಿದ ಲೆಕ್ಕ ಅದು. ಈ ಪದಪುಂಜವನ್ನು ರೂಢಿಯ ಮಾತೆಂದು ಓದಿ ಮುಂದೆ ಸಾಗುವುದೇ ನಮ್ಮ ವಾಡಿಕೆ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಕಾರಿನ ಎಂಜಿನ್ನಿನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಬೇಕಾದಾಗ, ಆ ಮಾತಿನೊಳಗಿನ ವಿವೇಕ ಎಷ್ಟು ಪ್ರಾಯೋಗಿಕವಾದದ್ದೆಂಬುದು ಮನವರಿಕೆಯಾಯಿತು.

ಕಾರು 1998ರ ಮಾರುತಿ 800. ಹಾಸನದಲ್ಲಿ ಅಧ್ಯಾಪಕನಾಗಿದ್ದಾಗ ಸಾಲ ಮಾಡಿ ಕೊಂಡದ್ದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿದ ಈ ಪುಟ್ಟ ವಾಹನ, ನಮ್ಮ ತಲೆಮಾರಿನ ಎಷ್ಟೋ ಮೇಷ್ಟರುಗಳಿಗೆ ಮೊದಲ ಕಾರು. ನನ್ನ ಪಾಲಿಗೆ ಅದು ಕ್ಷೇತ್ರಕಾರ್ಯದ ಸಾಧನವೂ ಆಯಿತು. ಹಿಂದಿನ ಸೀಟಿನ ಮೇಲೆ ಪಡಿಯಚ್ಚಿನ ಕಾಗದದ ಸುರುಳಿ, ಕುಂಚ, ಮಸಿ, ನೀರಿನ ಕ್ಯಾನು, ಒಂದು ಬುತ್ತಿ. ಹಳೇಬೀಡು, ಮರ್ಕುಲಿ, ಶ್ರವಣಬೆಳಗೊಳಗಳಿಗೆ ಬಸ್ಸಿದೆ, ವಿದ್ವಾಂಸರೂ ಹೋಗುತ್ತಾರೆ. ಆದರೆ ಹೊಲದ ಬದುವಿನಲ್ಲಿ ಮಲಗಿರುವ ವೀರಗಲ್ಲಿಗೆ, ಕೆರೆಯ ತೂಬಿನ ಬಳಿ ಅರ್ಧ ಹೂತ ಶಾಸನಕ್ಕೆ ಬಸ್ಸಿಲ್ಲ. ಹೊಯ್ಸಳರ ಮೂಲಸ್ಥಳವಾದ ಸೊಸೆವೂರು, ಅಂದರೆ ಇಂದಿನ ಅಂಗಡಿಯ ಸುತ್ತಲಿನ ಕಾಫಿ ತೋಟಗಳ ನಡುವಿನ ಇಕ್ಕಟ್ಟು ದಾರಿಗಳಲ್ಲಿ ಎದುರಿಗೆ ಜೀಪು ಬಂದರೆ ಪಕ್ಕಕ್ಕೆ ಸರಿದು ನಿಲ್ಲಬಲ್ಲದ್ದು ಇಂಥ ಚಿಕ್ಕ ಕಾರೇ. ಹೀಗೆ ಅದು ಓಡಿದ್ದು 2,60,000 ಕಿಲೋಮೀಟರಿಗೂ ಹೆಚ್ಚು.

ರೋಗ ನಿಧಾನವಾಗಿ ಕಾಣಿಸಿಕೊಂಡಿತು. ಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ, ಬಳಿಕ ಏರಿನಲ್ಲಿ, ಕಡೆಗೆ ಸಮತಟ್ಟಾದ ರಸ್ತೆಯಲ್ಲೂ. ನೀಲಿ ಹೊಗೆಯೆಂದರೆ ಎಂಜಿನ್ನಿನೊಳಗೆ ಪೆಟ್ರೋಲಿನ ಜೊತೆಗೆ ಆಯಿಲೂ ಉರಿಯುತ್ತಿದೆ ಎಂದರ್ಥ. 500 ಕಿಲೋಮೀಟರಿಗೆ ಒಂದು ಲೀಟರು ಆಯಿಲ್ ಸುರಿಯಬೇಕಾಗಿ ಬಂದಾಗ ನಮ್ಮ ಬಡಾವಣೆಯ ಮೆಕ್ಯಾನಿಕ್ಕಿನ ಬಳಿಗೆ ಒಯ್ದೆ. ಅವರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಮೂರು ಸಿಲಿಂಡರುಗಳ ಒತ್ತಡವನ್ನೂ ಮೀಟರಿನಲ್ಲಿ ಅಳೆದರು. ಎರಡರಲ್ಲಿ ಕಡಿಮೆ, ಮೂರನೆಯದರಲ್ಲಿ ತೀರಾ ಕಡಿಮೆ. ಆಮೇಲೆ ಪ್ಲಗ್ಗಿನ ತೂತಿನೊಳಕ್ಕೆ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರು. ಒತ್ತಡ ಏರಿತು. ಆಯಿಲಿನ ಪದರ ಪಿಸ್ಟನ್ನಿನ ಸುತ್ತಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ, ಒತ್ತಡ ಏರಿದರೆ ದೋಷ ರಿಂಗು ಮತ್ತು ಸಿಲಿಂಡರಿನ ಗೋಡೆಯಲ್ಲಿದೆ, ಏರದಿದ್ದರೆ ವಾಲ್ವಿನಲ್ಲಿದೆ. ಊಹೆಯನ್ನು ಮಂಡಿಸಿ, ಅದನ್ನು ಒರೆಗೆ ಹಚ್ಚಿ, ಎರಡು ಸಾಧ್ಯತೆಗಳಲ್ಲಿ ಒಂದನ್ನು ಕೈಬಿಡುವ ಈ ಕ್ರಮವನ್ನು ಕಂಡು ನನಗೆ ಸಂತೋಷವಾಯಿತು. ನಮ್ಮ ಎಷ್ಟೋ ಪಾಠಾಂತರ ಚರ್ಚೆಗಳಲ್ಲಿ ಇಷ್ಟು ಶಿಸ್ತು ಇರುವುದಿಲ್ಲ.

“ಮೇಷ್ಟ್ರೇ, ಬೋರು ಸವೆದಿದೆ. ಬರೀ ರಿಂಗು ಹಾಕಿದರೆ ಆರು ತಿಂಗಳು. ಪೂರ್ತಿ ಬಿಚ್ಚಿ ಮಾಡಿದರೆ ನೀವು ಓಡಿಸೋ ತನಕ ಇರ್ತದೆ” ಎಂದರು ಅವರು.

ಮೂರು ದಾರಿಗಳಿದ್ದವು. ಮೊದಲನೆಯದು, ಇದೇ ಎಂಜಿನ್ನನ್ನು ಕೆಳಗಿಳಿಸಿ, ಬ್ಲಾಕನ್ನು ಲೇತಿನವರಲ್ಲಿ ಬೋರಿಂಗ್ ಮಾಡಿಸಿ, ಕಾಲು ಮಿಲಿಮೀಟರಿನಷ್ಟೋ ಅರ್ಧ ಮಿಲಿಮೀಟರಿನಷ್ಟೋ ದಪ್ಪದ ಹೊಸ ಪಿಸ್ಟನ್ ಕೂರಿಸಿ, ಬೇರಿಂಗು, ಟೈಮಿಂಗ್ ಬೆಲ್ಟುಗಳನ್ನು ಬದಲಿಸುವುದು. ಸುಮಾರು 38,000 ರೂಪಾಯಿ. ಎರಡನೆಯದು, ಗುಜರಿಯಿಂದ ಬಳಸಿದ ಎಂಜಿನ್ನೊಂದನ್ನು ತಂದು ಕೂರಿಸುವುದು, 22,000ದಲ್ಲಿ ಮುಗಿಯುತ್ತದೆ. ಇದೇ 796 ಸಿ.ಸಿ. ಎಂಜಿನ್ ಓಮ್ನಿಯಲ್ಲೂ ಇದ್ದುದರಿಂದ ಸಿಗುವುದು ಕಷ್ಟವಲ್ಲ. ಮೂರನೆಯದು, ಇದ್ದಂತೆಯೇ ಕೊಟ್ಟುಬಿಡುವುದು. 30,000 ಬಂದರೆ ಹೆಚ್ಚು.

ಅಗ್ಗದ ದಾರಿ ಮನಸ್ಸನ್ನು ಸೆಳೆಯದಿರಲಿಲ್ಲ. ಆದರೆ ಹಸ್ತಪ್ರತಿಗಳೊಡನೆ ಪಳಗಿದವನಿಗೆ ಅಲ್ಲೊಂದು ಅನುಮಾನ ಸಹಜ. ಓಲೆಯ ಕಟ್ಟಿನಲ್ಲಿ ಗರಿಯೊಂದು ಕಳೆದಿರುವಾಗ, ಬೇರೊಂದು ಪ್ರತಿಯ ಗರಿಯನ್ನು ತಂದು ಅದೇ ಅಳತೆಗೆ ಕತ್ತರಿಸಿ ಸೇರಿಸಿರುವುದುಂಟು. ಕಥೆ ಮುಂದುವರಿಯುತ್ತದೆ, ಓದಿಗೆ ತಡೆಯಿಲ್ಲ. ಆದರೆ ಆ ಗರಿ ಯಾವ ಪ್ರತಿಯದು, ಯಾರ ಕೈಯದು, ಎಷ್ಟು ದೋಷಗಳನ್ನು ಹೊತ್ತು ಬಂದಿದೆ ಎಂಬುದಕ್ಕೆ ಸಾಕ್ಷಿಯಿಲ್ಲ. ಪುಷ್ಪಿಕೆ ಮೂಲಪ್ರತಿಯದು ಮಾತ್ರ. ಗುಜರಿಯ ಎಂಜಿನ್ನೂ ಅಂಥದೇ. ಹೊರಗೆ ತೊಳೆದು ಬಣ್ಣ ಬಳಿದಿರುತ್ತಾರೆ. ಒಳಗೆ ಎಷ್ಟು ಲಕ್ಷ ಕಿಲೋಮೀಟರು ಸವೆದಿದೆಯೆಂದು ಅದು ಹೇಳುವುದಿಲ್ಲ.

ಕಾನೂನು ಕೂಡ ಈ ಭೇದವನ್ನು ಬಲ್ಲದು. ನೋಂದಣಿ ಪತ್ರದಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ದಾಖಲಾಗಿರುತ್ತವೆ. ಎಂಜಿನ್ ಸಂಖ್ಯೆಯನ್ನು ಕೊರೆದಿರುವುದು ಬ್ಲಾಕಿನ ಮೇಲೆ. ಪಿಸ್ಟನ್, ರಿಂಗು, ಬೇರಿಂಗುಗಳೆಲ್ಲ ಹೊಸದಾದರೂ ಬ್ಲಾಕು ಅದೇ ಇರುವವರೆಗೆ ಎಂಜಿನ್ನು ಅದೇ. ಬ್ಲಾಕು ಬದಲಾದರೆ, ಅದು ಎಲ್ಲಿಂದ ಬಂತೆಂಬ ಕಾಗದಗಳನ್ನು ಸಾರಿಗೆ ಕಚೇರಿಗೆ ಒಪ್ಪಿಸಿ ಹೊಸ ಸಂಖ್ಯೆಯನ್ನು ಪತ್ರದಲ್ಲಿ ಬರೆಯಿಸಬೇಕು. ಇಲ್ಲವಾದರೆ ಮುಂದೆ ವಿಮೆಯ ಪರಿಹಾರ ಕೇಳುವಾಗ ತೊಡಕು. ದುರಸ್ತಿಗೂ ಬದಲಾವಣೆಗೂ ನಡುವಿನ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ಎಳೆದಿರುವುದು ಮೆಚ್ಚಬೇಕಾದದ್ದೇ.

ನಿಜವಾದ ಪ್ರತಿವಾದ ಬಂದದ್ದು ಮಗಳಿಂದ. “ಎಂಜಿನ್ ಹೊಸದಾದರೆ ತಗಡೂ ಹೊಸದಾಗುತ್ತದೆಯೇ ಅಪ್ಪ? ಆ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ನಿಮಗೂ ಮೊದಲಿನ ಕಣ್ಣಿಲ್ಲ” ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಅದು ಸರಿಯಾದ ಮಾತು. ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ 21 ವರ್ಷ ಹಿಂದಿನ ಹಗುರ ದೇಹದ ಈ ಕಾರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಏನು ರಕ್ಷಣೆ ಕೊಟ್ಟೀತು? ಎಂಜಿನ್ನಿನ ಆರೋಗ್ಯ ಮರಳಿದರೆ ಹಳೆಯ ವೇಗವೂ ಮರಳುತ್ತದೆ, ಅಪಾಯವೂ ಅದರೊಡನೆ ಬರುತ್ತದೆ. ಜೀರ್ಣೋದ್ಧಾರದ ಉತ್ಸಾಹಿಗಳು ಮರೆಯುವ ಸಂಗತಿ ಇದು. ತಳಪಾಯ ಕುಸಿದಿರುವ ಗುಡಿಗೆ ಹೊಸ ಶಿಖರವನ್ನು ಹೊರಿಸಿದರೆ ಅದು ಉದ್ಧಾರವಲ್ಲ.

ಮಿತ್ರರು ಹೇಳುವ ಲೆಕ್ಕ ಬೇರೆ. ಕಾರಿನ ಬೆಲೆಗಿಂತ ದುರಸ್ತಿಯ ಖರ್ಚು ಹೆಚ್ಚಾದರೆ ದುರಸ್ತಿ ಮಾಡಿಸಬಾರದೆಂಬುದು ಅವರ ಸೂತ್ರ. ಮಾರುವವನಿಗೆ ಈ ಸೂತ್ರ ಸರಿ. ಇಟ್ಟುಕೊಳ್ಳುವವನು ಹೋಲಿಸಬೇಕಾದದ್ದು ಕಾರಿನ ಬೆಲೆಯನ್ನಲ್ಲ, ಅದು ಮಾಡುವ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಲು ತಗಲುವ ಖರ್ಚನ್ನು. ನಾನು ಕೈಗೊಂಡಿರುವ ಸಮೀಕ್ಷೆಯಲ್ಲಿ ಇನ್ನು ಉಳಿದಿರುವುದು ಎರಡು ಹೋಬಳಿಗಳ ಊರುಗಳು. ವಾರಕ್ಕೆರಡು ದಿನ ಬಾಡಿಗೆ ಕಾರು ಮಾಡಿದರೆ ಪಿಂಚಣಿಯಲ್ಲಿ ಏನೂ ಉಳಿಯದು. ಬೇರೊಂದು ಹಳೆಯ ಕಾರು ಕೊಂಡರೆ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಅದರ ಎಂಜಿನ್ನಿನ ಪೂರ್ವಾಪರವೂ ಅಜ್ಞಾತವೇ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನದರ ಅವಧಿ 2028ರವರೆಗಿದೆ. ಕೆಲಸ ಮುಗಿಸಲು ಅಷ್ಟು ಸಾಕು. ಸುಮ್ಮನೆ ಹೊಗೆಯುಗುಳುತ್ತ ಓಡಿಸುವುದಂತೂ ಸಲ್ಲ. ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗುವುದು ಒಂದು ಮಾತು. ಶಾಸನ ತೋರಿಸಿದ ಊರಿನ ಮಕ್ಕಳ ಮುಖಕ್ಕೆ ಆ ಹೊಗೆಯನ್ನು ಬಿಟ್ಟು ಬರುವುದು ಇನ್ನೊಂದು.

ಆದ್ದರಿಂದ ಎಂಜಿನ್ನನ್ನು ಬದಲಿಸದೆ, ಇದ್ದುದನ್ನೇ ಪೂರ್ತಿ ಬಿಚ್ಚಿ ಸರಿಪಡಿಸುವುದೆಂದು ನಿಶ್ಚಯಿಸಿದೆ. ಬ್ಲಾಕು ಬಿರುಕು ಬಿಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ ಕಾರನ್ನು ಕೊಟ್ಟುಬಿಡುವುದೆಂಬ ಷರತ್ತನ್ನು ಮೊದಲೇ ಹಾಕಿದ್ದೆ. ಬಿರುಕಿರಲಿಲ್ಲ. ಅರ್ಧ ಮಿಲಿಮೀಟರಿನ ಪಿಸ್ಟನ್ನುಗಳು ಕೂತವು. ಅದಕ್ಕಿಂತ ದಪ್ಪದವು ಈ ಎಂಜಿನ್ನಿಗೆ ಇಲ್ಲವಾದ್ದರಿಂದ ಇದೇ ಕೊನೆಯ ಉದ್ಧಾರ. ಇನ್ನೊಂದು ಸಲ ಕೊರೆಯಲು ಬರುವುದಿಲ್ಲ. ಮಗಳ ಮಾತಿಗೂ ತೀರ್ಮಾನದಲ್ಲಿ ಪಾಲಿದೆ: ಹೆದ್ದಾರಿಗೆ ಈ ಕಾರು ಹೋಗದು, ಸಂಜೆಯ ಬಳಿಕ ಹೊರಡದು. ಬೆಂಗಳೂರು, ಮೈಸೂರುಗಳಿಗೆ ರೈಲಿದೆ.

ಮೊದಲ 1,000 ಕಿಲೋಮೀಟರು ನಿಧಾನವಾಗಿ ಓಡಿಸಿ ಆಯಿಲ್ ಬದಲಿಸಲು ಹೇಳಿದ್ದಾರೆ. ಹಳ್ಳಿಯ ದಾರಿಗಳಿಗೆ ಆ ವೇಗವೇ ತಕ್ಕದ್ದು. ಪಿಂಚಣಿ ಬಂದ ದಿನ 1,000 ರೂಪಾಯಿಯನ್ನು ಬೇರೆ ಲಕೋಟೆಯಲ್ಲಿ ಇಡುವ ಪದ್ಧತಿಯನ್ನೂ ಆರಂಭಿಸಿದ್ದೇನೆ. ಲಕೋಟೆಯ ಮೇಲೆ ಏನು ಬರೆದಿದ್ದೇನೆಂಬುದನ್ನು ಶಾಸನದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.