ಗೋಕಾಕದ ಮೊರೆತ, ಕಿವಿಯ ಮೊರೆತ

ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಏನನ್ನಾದರೂ ನೋಡಲೆಂದು ಹೊರಡುತ್ತಾರೆ. ಕಳೆದ ಮಳೆಗಾಲದಲ್ಲಿ, ಶ್ರಾವಣಕ್ಕೆ ಇನ್ನೂ ಎಂಟು ದಿನವಿರುವಾಗ, ನಾವು ಗೋಕಾಕ ಜಲಪಾತಕ್ಕೆ ಹೊರಟುದು ಒಂದು ಸದ್ದನ್ನು ಕೇಳದಿರುವುದಕ್ಕಾಗಿ. ಆ ಸದ್ದು ನಮ್ಮ ಕಿವಿಯೊಳಗೇ ಇತ್ತು.

ಗದಗಿನಲ್ಲಿ ಮೂವತ್ತು ವರ್ಷ ಮುದ್ರಣಾಲಯ ನಡೆಸಿದವರು ನಾವು. ಕಿವಿಗೆ ಒಂದು ಚೂರು ಅರಳೆಯನ್ನೂ ಇಟ್ಟುಕೊಳ್ಳದೆ ಯಂತ್ರಗಳ ಬದಿಯಲ್ಲಿಯೇ ಆಯುಷ್ಯ ಕಳೆದೆವು. ಕೆಲಸವನ್ನು ಮಗನಿಗೊಪ್ಪಿಸಿ ವರ್ಷ ತುಂಬುವಷ್ಟರಲ್ಲಿ, ಒಂದು ರಾತ್ರಿ ಎಲ್ಲಿಯೋ ಜೀರುಂಡೆ ಕೂಗಿದಂತಾಯಿತು. ಎದ್ದು ಮನೆಯೆಲ್ಲ ಹುಡುಕಿದೆವು. ನಮ್ಮ ಮನೆಯವರನ್ನು ಎಬ್ಬಿಸಿ ಕೇಳಿದೆವು. “ಏನೂ ಸಪ್ಪಳ ಇಲ್ಲರೀ, ಮಲಗ್ರಿ” ಎಂದರು. ಅಂದಿನಿಂದ ಆ ಜೀರುಂಡೆ ನಮ್ಮನ್ನು ಬಿಟ್ಟು ಹೋಗಿಲ್ಲ.

ಹಗಲಿನ ಗದ್ದಲದಲ್ಲಿ ಅದು ಹೇಗೋ ಅಡಗಿರುತ್ತಿತ್ತು. ಅದರ ಬಾಧೆ ಹೆಚ್ಚಾಗುತ್ತಿದ್ದುದು ನಿಶ್ಶಬ್ದದಲ್ಲಿ. ಮನೆಯೆಲ್ಲ ಮಲಗಿರುವ ಬೆಳಗಿನ ಜಾವ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರೆ ಕಣ್ಣು ಒಂದೆಡೆ, ಮನಸ್ಸು ಆ ಸದ್ದಿನೆಡೆ. ಬಾಲ್ಯದಿಂದ ನಮ್ಮದಾಗಿದ್ದ ಆ ಒಂದು ಗಳಿಗೆಯ ಶಾಂತಿಯೂ ಕೈಬಿಟ್ಟಿತು. ಕೆಲವು ವಾರ ಪೂಜೆಗೆ ಕುಳಿತಂತೆ ಮಾಡಿ ಎದ್ದುಬಿಡುತ್ತಿದ್ದೆವು; ಇದನ್ನು ಮನೆಯವರಿಗೂ ಹೇಳಲಿಲ್ಲ.

ಬಂಧುಗಳಲ್ಲಿ ಹಿರಿಯರೊಬ್ಬರು, ಇದು ಯೋಗಿಗಳಿಗೆ ಕೇಳುವ ಅನಾಹತ ನಾದ, ಪುಣ್ಯವಂತರಿಗೆ ಮಾತ್ರ ಒದಗುತ್ತದೆ ಎಂದರು. ಆ ಮಾತು ಹಿತವಾಗಿತ್ತು. ನಂಬಿ ಒಂದು ತಿಂಗಳು ವೈದ್ಯರ ಬಳಿ ಹೋಗದೆ ಉಳಿದೆವು. ಸಾಧನೆಯಿಲ್ಲದೆ ಬಂದು ನಿದ್ರೆಯನ್ನು ಕಸಿದೊಯ್ಯುವ ನಾದ ಯಾವ ಪುಣ್ಯದ ಫಲವಾದೀತು? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ ಬಿಟ್ಟುಕೊಂಡೆವು. ಕಿವಿ ಉರಿದುದಷ್ಟೇ ಲಾಭ.

ಕೊನೆಗೆ ಕಿವಿ, ಮೂಗು, ಗಂಟಲಿನ ತಜ್ಞರಲ್ಲಿಗೆ ಹೋದೆವು. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಮೇಲಿನ ಸ್ವರಗಳ ಕಡೆ ಇಳಿಜಾರಾಗಿತ್ತು. ಸುಶ್ರುತ ಸಂಹಿತೆ ಹೇಳುವ 28 ಕರ್ಣರೋಗಗಳಲ್ಲಿ ಕರ್ಣನಾದವೂ ಒಂದು. ಇಂದಿನ ವೈದ್ಯರು ಅದನ್ನು ಟಿನಿಟಸ್ ಎನ್ನುತ್ತಾರೆ. ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಅತಿಯಾದ ಸದ್ದಿಗೆ, ಮುಪ್ಪಿಗೆ ಅವು ನಶಿಸುತ್ತವೆ. ಒಮ್ಮೆ ನಶಿಸಿದರೆ ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ಬರಬೇಕಾದ ಸದ್ದು ಬಾರದಾದಾಗ ಮೆದುಳು, ದೂರದ ಕೇಂದ್ರ ಹಿಡಿಯಲು ರೇಡಿಯೋದ ಧ್ವನಿಯನ್ನು ಹೆಚ್ಚಿಸುವವರಂತೆ, ತನ್ನ ಆಲಿಕೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಆಗ ಕೇಳುವುದು ಬರಿಯ ಗೊರಗೊರ. “ಇದನ್ನು ಅಳಿಸಿಹಾಕುವ ಗುಳಿಗೆಯಿಲ್ಲ, ಆದರೆ ಇದರೊಡನೆ ಬಾಳುವುದಕ್ಕೆ ದಾರಿಯಿದೆ” ಎಂದರು ತಜ್ಞರು.

ಶ್ರವಣ ಪರೀಕ್ಷೆ ಮಾಡಿದ ತರುಣಿ ಒಂದು ಪ್ರಸಂಗ ಹೇಳಿದರು. 1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಕಾರಂಜಿಯೊಂದರ ಬಳಿ ನಿಂತಿದ್ದಾಗ ಚಾರ್ಲ್ಸ್ ಯೂನಿಸ್ ಎಂಬ ವೈದ್ಯರಿಗೆ ತಮ್ಮ ಕಿವಿಯ ಮೊರೆತ ಕೇಳಿಸದೆ ಹೋಯಿತಂತೆ. ಇದನ್ನರಿತ ವಿಜ್ಞಾನಿ ಜ್ಯಾಕ್ ವೆರ್ನನ್, ಕಿವಿಯಲ್ಲಿ ಧರಿಸಿ ಹೊರಗಿನ ಸದ್ದಿನಿಂದ ಒಳಗಿನ ಸದ್ದನ್ನು ಮರೆಮಾಡುವ ಸಾಧನವನ್ನು ರೂಪಿಸುವುದರಲ್ಲಿ ತೊಡಗಿದರು. ಇದನ್ನು ಕೇಳಿ ನಮಗೆ ಹೊಳೆಯಿತು: ಕಾರಂಜಿಯೇ ಅಷ್ಟು ಮಾಡಬಲ್ಲುದಾದರೆ ಗೋಕಾಕ ಏನು ಮಾಡಲಾರದು?

ನರಗುಂದ, ಸವದತ್ತಿ, ಯರಗಟ್ಟಿಗಳನ್ನು ದಾಟಿ ಗೋಕಾಕ ತಲುಪಿದೆವು. ಪೇಟೆಯಲ್ಲಿ ಮೊಮ್ಮಕ್ಕಳಿಗೆಂದು ಕರದಂಟು ಕಟ್ಟಿಸಿಕೊಂಡು ಜಲಪಾತದ ಹಾದಿ ಹಿಡಿದೆವು. ನೀರು ಕಾಣುವುದಕ್ಕಿಂತ ಮೊದಲೇ ಅದರ ಸದ್ದು ಎದುರುಗೊಂಡಿತು. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರಲು ಹರಿಯುವ ಘಟಪ್ರಭೆ ಇಲ್ಲಿ ಕುದುರೆ ಲಾಳದಂತೆ ಬಾಗಿದ ಬಂಡೆಯಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಬೇಸಿಗೆಯಲ್ಲಿ ಬರಿಯ ಬಂಡೆಯಾಗಿ ಕಾಣುವ ಈ ಸ್ಥಳ, ಮಳೆಗಾಲದಲ್ಲಿ ಕೆಂಬಣ್ಣದ ನೀರಿನ ಗೋಡೆಯಾಗುತ್ತದೆ. ಈ ನೀರಿನ ಬಲವನ್ನು ನಂಬಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಹತ್ತಿಯ ಗಿರಣಿ ಎದ್ದಿತು. ಹೊಳೆಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ದೇವಾಲಯ.

ದೇವಾಲಯದ ಬದಿಯಲ್ಲಿ ನಿಂತು ಕಣ್ಣು ಮುಚ್ಚಿದೆವು. ಜೀರುಂಡೆ ಇರಲಿಲ್ಲ! ಅಷ್ಟು ದಿನಗಳಲ್ಲಿ ಮೊದಲ ಸಲ ಇರಲಿಲ್ಲ. ಅರ್ಧ ತಾಸು ತುಂತುರಿನಲ್ಲಿ ನೆನೆಯುತ್ತ ನಿಂತೆವು. ಮನೆಯವರು ಸೆರಗಿನಿಂದ ನಮ್ಮ ತಲೆ ಒರೆಸಿದಾಗಲೇ ಎಚ್ಚರ. ಕಾರಿನಲ್ಲಿ ಕುಳಿತು ಗಾಜು ಏರಿಸಿದ ಮೇಲೂ ಒಂದು ನಿಮಿಷದಷ್ಟು ಕಾಲ ಒಳಗೆ ಏನೂ ಇಲ್ಲ. ಆಮೇಲೆ ಅದು ಬಂದಿತು. ಮೊದಲು ನೂಲೆಳೆಯಂತೆ, ಬಳಿಕ ಎಂದಿನಂತೆ. ದೊಡ್ಡ ಸದ್ದು ನಿಂತ ಮೇಲೆ ಕೆಲವರಿಗೆ ಇಂತಹ ತಾತ್ಕಾಲಿಕ ಬಿಡುವು ದೊರೆಯುವುದು ತಜ್ಞರಿಗೆ ಗೊತ್ತಿರುವ ವಿಷಯವೇ. ನಮಗದು ಗೊತ್ತಿರಲಿಲ್ಲ. ಕಣ್ಣು ತುಂಬಿತು. ಪೂಜೆ ತಪ್ಪಿದ ಸಂಗತಿಯನ್ನೂ ಸೇರಿಸಿ, ಎಲ್ಲವನ್ನೂ ಮನೆಯವರ ಮುಂದೆ ಹೇಳಿಕೊಂಡುದು ಅಲ್ಲಿಯೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗ ಗೊತ್ತಿತ್ತರೀ. ನೀವಾಗಿ ಹೇಳ್ಲಿ ಅಂತ ಸುಮ್ನಿದ್ದೆ” ಎಂದರು.

ಆ ರಾತ್ರಿ ಜಲಪಾತದ ಊರಿನಲ್ಲಿಯೇ ಇರುವ ನಮ್ಮ ಷಡ್ಡಕರ ಮನೆಯಲ್ಲಿ ತಂಗಿದೆವು. ಅವರು ಚಳಿಯೆಂದು ಕಿಟಕಿ ಮುಚ್ಚಲು ಬಂದರು, ತೆರೆದೇ ಇರಲೆಂದೆವು. ಅಷ್ಟು ದೂರಕ್ಕೆ ಜಲಪಾತ ಬರಿಯ ಮೆಲುದನಿ. ಅದು ಜೀರುಂಡೆಯನ್ನು ಮುಚ್ಚಲಿಲ್ಲ. ಅದರ ಪಕ್ಕದಲ್ಲಿ ಬಂದು ಕುಳಿತಿತು, ಅಷ್ಟೆ. ಎರಡೂ ಸದ್ದುಗಳನ್ನು ಕೇಳುತ್ತ ಕೇಳುತ್ತ, ಯಾವುದು ಯಾವುದೆಂಬ ಎಣಿಕೆ ತಪ್ಪಿ, ನಿದ್ರೆ ಹತ್ತಿತು. ಹಗಲಿನ ಮಹಾಘೋಷ ಕೊಡದಿದ್ದುದನ್ನು ರಾತ್ರಿಯ ಮೆಲುದನಿ ಕೊಟ್ಟಿತು.

ಊರಿಗೆ ಮರಳಿ ಇದನ್ನು ಹೇಳಿದಾಗ ಆ ತರುಣಿ ನಕ್ಕು, 1990ರಲ್ಲಿ ಪಾವೆಲ್ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ ಮುಂದಿಟ್ಟ ವಿಚಾರಕ್ಕೂ ಇದಕ್ಕೂ ಹೋಲಿಕೆಯಿದೆ ಎಂದರು. ಕಿವಿಯ ಸದ್ದನ್ನು ಶತ್ರುವೆಂದು ಕಾಯುತ್ತ ಕುಳಿತರೆ ಅದು ಬೆಳೆಯುತ್ತದೆ; ಅದಕ್ಕಿಂತ ತುಸು ತಗ್ಗಿದ ಹಿತವಾದ ಸದ್ದು ಸುತ್ತ ಇದ್ದರೆ, ಗೋಡೆ ಗಡಿಯಾರದ ಟಿಕ್‌ಟಿಕ್‌ನಂತೆ ಮನಸ್ಸು ಕ್ರಮೇಣ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ನಾವು ಹಗಲು ಶ್ರವಣ ಸಾಧನ ಧರಿಸುತ್ತೇವೆ. ಹೊರಗಿನ ಲೋಕ ಕೇಳಿಸಿದಷ್ಟೂ ಒಳಗಿನದು ತಗ್ಗುತ್ತದೆ. ರಾತ್ರಿ ಮೊಮ್ಮಗ ಮೊಬೈಲಿನಲ್ಲಿ ಮಳೆಯ ಸದ್ದು ಹಚ್ಚಿಕೊಡುತ್ತಾನೆ. ಬೆಳಗಿನ ಪೂಜೆಗೆ ಕಿಟಕಿ ತೆರೆದು ಕುಳಿತುಕೊಳ್ಳುತ್ತೇವೆ. ಬೇವಿನ ಮರದ ಹಕ್ಕಿಗಳ ನಡುವೆ ಜೀರುಂಡೆಯೂ ಇರುತ್ತದೆ. ಇರಲಿ.

ಓದುಗ ಬಂಧುಗಳಲ್ಲಿ ಒಂದು ಬಿನ್ನಹ. ಎಷ್ಟೋ ಸಲ ಕುಗ್ಗೆಯ ಗಟ್ಟಿಯೋ ಯಾವುದೋ ಔಷಧಿಯೋ ಈ ಸದ್ದಿಗೆ ಕಾರಣವಾಗಿರಬಹುದು. ಪರೀಕ್ಷೆಯಿಂದಷ್ಟೇ ಅದು ತಿಳಿಯುತ್ತದೆ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯೊಡನೆ ಮಿಡಿಯುತ್ತಿದ್ದರೆ, ತಲೆಸುತ್ತು ಜೊತೆಗಿದ್ದರೆ ತಡಮಾಡಬೇಡಿರಿ. ಕಿವಿ ಒಮ್ಮೆಲೇ ಮಂದವಾದರೆ ಅಂದೇ ತಜ್ಞರನ್ನು ಕಾಣಿರಿ. ಯಂತ್ರಗಳ ಬಳಿ ದುಡಿಯುವ ಮಕ್ಕಳಿಗೆ ಕಿವಿಮುಚ್ಚುಗೆ ಕೊಡಿಸಿರಿ. ಎಲ್ಲಕ್ಕಿಂತ ಮೊದಲು, ಮನೆಯವರೊಡನೆ ಹೇಳಿಕೊಳ್ಳಿರಿ. ಅದಕ್ಕಾಗಿ ಗೋಕಾಕದವರೆಗೆ ಹೋಗಬೇಕಾಗಿಲ್ಲ. ಹೋದರಂತೂ ಮಳೆಗಾಲದಲ್ಲಿಯೇ ಹೋಗಿರಿ.