ನಕ್ಷೆಯಲ್ಲಿ ಕಾಣದ ನಲ್ಲಿ

ಭೂಗೋಳವೆಂದರೆ ನದಿ ಪರ್ವತಗಳ ಹೆಸರುಗಳನ್ನು ಬಾಯಿಪಾಠ ಮಾಡುವುದೆಂದು ಭಾವಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾನು ಈ ವಿಷಯವನ್ನು ಆರಿಸಿಕೊಂಡಾಗ ಗೆಳೆಯರು, "ಇನ್ನು ಮೂರು ವರ್ಷ ನಿನಗೆ ಬಣ್ಣದ ಪೆನ್ಸಿಲಿನ ಖರ್ಚು ಕಣಯ್ಯಾ!" ಎಂದು ನಕ್ಕಿದ್ದುಂಟು. ಆದರೆ ಬಣ್ಣದ ಪೆನ್ಸಿಲು ಅಲ್ಪವಾದ ಆಯುಧವೇನಲ್ಲ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಸತ್ತವರ ಮನೆಗಳನ್ನು ವೈದ್ಯ ಜಾನ್ ಸ್ನೋ ನಕ್ಷೆಯಲ್ಲಿ ಗುರುತಿಸಿ ತೋರಿಸಿದನು. ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದವು. 1889ರಲ್ಲಿ ಚಾರ್ಲ್ಸ್ ಬೂತ್ ಅದೇ ನಗರದ ಬೀದಿಬೀದಿಗೂ ಬಣ್ಣ ಹಚ್ಚಿದ ನಕ್ಷೆಯನ್ನು ಪ್ರಕಟಿಸಿದನು: ಸಿರಿವಂತರಿಗೆ ಹಳದಿ, ಕಡುಬಡವರಿಗೆ ಕಪ್ಪು.

ಅಂಥ ಕೆಲಸ ಇಂದು ತರಗತಿಯ ಗೋಡೆಯ ಮೇಲೆಯೇ ನಡೆಯುತ್ತದೆ. ನಮ್ಮ ಹಿರಿಯ ವಿದ್ಯಾರ್ಥಿಗಳು ಸರಪಳಿಯನ್ನೂ ಪ್ಲೇನ್ ಟೇಬಲನ್ನೂ ಹೊತ್ತು ಬಿಸಿಲಿನಲ್ಲಿ ಅಲೆದರು. 1988ರಲ್ಲಿ ಭಾರತದ ಐ.ಆರ್.ಎಸ್.-1ಎ ಉಪಗ್ರಹ ಹಾರಿತು. 2009ರಲ್ಲಿ 'ಭುವನ್' ತಾಣ ತೆರೆಯಿತು. ಈಗ ನಾವು ಬೆಂಚಿನಲ್ಲಿ ಕುಳಿತೇ ಊರನ್ನು ಕಾಣುತ್ತೇವೆ. ಕಳೆದ ವರ್ಷ ನಮ್ಮ ಅಧ್ಯಾಪಕರು ಪ್ರೊಜೆಕ್ಟರಿನಲ್ಲಿ ಬೆಂಗಳೂರಿನ ಚಿತ್ರವನ್ನು ತೋರಿಸಿ, "ಜನರ ಜೀವನಮಟ್ಟವನ್ನು ಇದರಿಂದ ಓದಿರಿ" ಎಂದರು. ಮರಗಳ ಹಸಿರು, ಚಾವಣಿಯ ಬಗೆ, ರಸ್ತೆಯ ಅಗಲ ನೋಡಿ ಬಡಾವಣೆಗಳಿಗೆ ಬಣ್ಣ ಹಚ್ಚಿದೆವು. ನಮ್ಮ ಬೀದಿ ತಾರಸಿ ಮನೆಗಳದು. ಅದಕ್ಕೆ 'ಉತ್ತಮ' ಎಂಬ ಬಣ್ಣ ದೊರೆಯಿತು.

ನನಗೆ ನಗುವೂ ಬಂತು, ಸಂಕಟವೂ ಆಯಿತು. ಆ ತಾರಸಿಗಳ ಕೆಳಗೆ ಒಂದೊಂದು ಕೋಣೆಗೆ ಒಂದೊಂದು ಸಂಸಾರವಿದೆ. ನಲ್ಲಿಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ, ಅದೂ ನಡುರಾತ್ರಿ. ಅಮ್ಮ ಕೊಡಗಳನ್ನು ಸಾಲಾಗಿಡುವ ಸದ್ದಿಗೇ ನಮಗೆಲ್ಲ ಎಚ್ಚರ. 1974ರಿಂದ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೇರಿ ಈ ಊರಿಗೆ ಬರುತ್ತಿದೆ. ಅಷ್ಟು ಹತ್ತಿ ಬಂದ ನೀರಿಗೆ ನಮ್ಮ ಬೀದಿಯ ಕೊನೆಯ ಏರು ಮಾತ್ರ ಕಷ್ಟವಾಗಿದೆ! ಉಪಗ್ರಹದ ಕಣ್ಣಿಗೆ ಇದೊಂದೂ ಕಾಣದು.

ಇದನ್ನು ಅರಿಕೆ ಮಾಡಿಕೊಂಡಾಗ ಅಧ್ಯಾಪಕರು, "ಹಾಗಾದರೆ ಮನೆಮನೆಗೂ ಹೋಗಿ ಕೇಳಿ ಬನ್ನಿ" ಎಂದರು. 2011ರ ಜನಗಣತಿಯ ಮನೆಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನೇ ಬರೆದುಕೊಂಡೆವು: ಕೋಣೆಗಳೆಷ್ಟು, ಕುಡಿಯುವ ನೀರು ಮನೆಯೊಳಗೋ ಹೊರಗೋ, ಶೌಚಾಲಯವುಂಟೋ, ಅಡಿಗೆಗೆ ಯಾವ ಉರುವಲು. ನೀರು ಎಷ್ಟು ಹೊತ್ತು ಬರುತ್ತದೆ ಎಂಬ ನಮ್ಮದೊಂದು ಪ್ರಶ್ನೆಯನ್ನೂ ಸೇರಿಸಿದೆವು. ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು, "ಏನಪ್ಪಾ, ಇದನ್ನೆಲ್ಲ ಬರ್ಕೊಂಡು ಹೋದ್ರೆ ನೀರು ಬರ್ತದಾ?" ಎಂದು ಕೇಳಿದರು. "ಗೊತ್ತಿಲ್ಲ ಅಜ್ಜಿ. ಆದ್ರೆ ಬರೀದೆ ಇದ್ರೆ ನಿಮ್ಮ ಕಷ್ಟ ಯಾರಿಗೂ ಕಾಣೋದಿಲ್ಲ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಕುಳಿತುಕೊಳ್ಳಲು ಚಾಪೆ ಸರಿಸಿದರು.

ಹೊಸ ನಕ್ಷೆಯಲ್ಲಿ ನಮ್ಮ ಬೀದಿಗೆ ಎರಡು ಬಣ್ಣ ಬಂದವು: ತಗ್ಗಿನ ಮನೆಗಳಿಗೆ ಒಂದು, ಏರಿನ ಮನೆಗಳಿಗೆ ಇನ್ನೊಂದು. ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನೆಲದ ಏರುತಗ್ಗನ್ನು ತೋರಿಸಿದ್ದು ಅದೇ. ಏರಿನವರ ನಿದ್ದೆಗೇಡನ್ನು ತಿಳಿಸಿದ್ದು ಅಜ್ಜಿಯಂಥವರು. ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸುವುದೇ ಭೂಗೋಳ ವಿದ್ಯಾರ್ಥಿಯ ಕೆಲಸವೆಂದು ನನ್ನ ನಂಬಿಕೆ.

ನಕ್ಷೆಯ ಒಂದು ಪ್ರತಿಯನ್ನು ಸಂಬಂಧಪಟ್ಟ ಕಚೇರಿಗೆ ಕೊಟ್ಟು ಬಂದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಕಿರಿಯ ತರಗತಿಯ ಮಿತ್ರರು ಮುಂದಿನ ವರ್ಷ ಪಕ್ಕದ ಬೀದಿಯನ್ನೂ ಅಳೆಯಲಿ. ಒಂದು ಹಾಳೆಯನ್ನು ಮಡಿಸಿಡುವುದು ಸುಲಭ, ಹತ್ತು ಹಾಳೆಗಳನ್ನು ಮಡಿಸಿಡುವುದು ಅಷ್ಟು ಸುಲಭವಲ್ಲ.